ಇಪ್ಪತ್ತಾರು ಮೀಸೆಗಳ ಒಡೆಯ

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ಕಂದಿಕೆರೆ ಹತ್ತಿರದ ತೋಟದ ಮನೆಯೊಂದರ ಅಂಗಳದಲ್ಲಿ ಕಾಯಿ ರಾಶಿ ಬಿದ್ದಿದೆ. ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿ ಒಣಗಿ, ನಿನ್ನೆಯಷ್ಟೇ ಕೆಳಗಿಳಿದ ಕಾಯಿಗಳು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮುಂದೆ ನಿಂತ ಯತ್ತಪ್ಪ ಒಂದು ಕಾಯಿ ಎತ್ತಿ ಕುಕ್ಕುತ್ತಾರೆ, ಬಲಕ್ಕೊಮ್ಮೆ ತಿರುವುತ್ತಾರೆ, ಎಡಕ್ಕೊಮ್ಮೆ ತಿರುವುತ್ತಾರೆ. ಮೂರನೆಯ ತಿರುವಿಗೆ ಮಟ್ಟೆ ಬಿಟ್ಟುಕೊಳ್ಳುತ್ತದೆ. ಸುಲಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಅದು ಬಲಗಡೆಗೆ, ಸದ್ದಿಲ್ಲದಿದ್ದರೆ ಎಡಗಡೆಗೆ.

"ಮಾತಾಡೋ ಕಾಯಿ ಈ ಕಡೀಕೆ, ಮುನಿಸ್ಕಂಡಿರೋ ಕಾಯಿ ಆ ಕಡೀಕೆ. ಮುನಿಸ್ಕಂಡಿದ್ದ ಒಡೀಬಾರ್ದು, ಇನ್ನೊಂದಷ್ಟು ದಿನ ಬುಡ್ಬೇಕು" ಎನ್ನುತ್ತಾರೆ.

ಹೊತ್ತು ಏರುತ್ತಿದ್ದಂತೆ ನಾರಿನ ಪುಡಿ ಮುಖಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ಯತ್ತಪ್ಪ ಮುಂಗೈಯನ್ನು ಮೂಗಿನ ಕೆಳಕ್ಕೆ ಒಯ್ದು ಎರಡೂ ಕಡೆ ಸವರಿಕೊಳ್ಳುತ್ತಾರೆ. ಸವರಿದ ಮೇಲೆ ಅವರಿಗೇ ನಗು ಬರುತ್ತದೆ. ಸವರಲು ಅಲ್ಲಿ ಮೀಸೆಯೇ ಇಲ್ಲ. ಬಿಸಿಲಿಗೆ ಕಪ್ಪಾದ ಮುಖದಲ್ಲಿ ಅಷ್ಟು ಜಾಗ ಮಾತ್ರ ಬೇರೆ ಯಾರದೋ ಮುಖದಿಂದ ಕಡ ತಂದಂತೆ ತಿಳಿಯಾಗಿದೆ, ಅದರ ಮೇಲೆ ಈಗಷ್ಟೇ ಕೂಳೆ ಚಿಗುರುತ್ತಿದೆ.

"ನಲವತ್ತು ವರ್ಷದ ಚಾಳಿ ಕಣಪ್ಪ. ಮೀಸೆ ಹೋಗಿರೋದು ಕೈಗೆ ಇನ್ನೂ ಗೊತ್ತಾಗಿಲ್ಲ."

ಅರವತ್ತೊಂದು ವರ್ಷದ ಯತ್ತಪ್ಪ ದಿನಕ್ಕೆ ಎಂಟುನೂರು ಕಾಯಿ ಸುಲಿಯುತ್ತಾರೆ. ಮೈ ಕೈ ಸರಿಯಿದ್ದ ದಿನ ಸಾವಿರವೂ ಉಂಟು. ಕಾಯಿ ಸುಲಿಯುವವರ ಮುಖವನ್ನು ಯಾರೂ ನೋಡುವುದಿಲ್ಲ. ತೋಟದವರು ನೋಡುವುದು ರಾಶಿಯನ್ನು. ಆದರೆ ವರ್ಷಕ್ಕೆ ಎರಡು ಭಾನುವಾರ ಇದೇ ಯತ್ತಪ್ಪ ಕಂದಿಕೆರೆಯಿಂದ ಮೊದಲ ಬಸ್ಸು ಹಿಡಿದು ತಿಪಟೂರಿಗೆ ಹೋಗುತ್ತಾರೆ. ಅಲ್ಲಿನ ಶಾಲೆಯೊಂದರ ಹಾಲಿನಲ್ಲಿ, ಬೆಂಚುಗಳ ಮೇಲೆ ಏರಿಸಿಟ್ಟ ಮರದ ಕುರ್ಚಿಯೊಂದರಲ್ಲಿ ಕೂರುತ್ತಾರೆ. ಸುತ್ತ ಇಪ್ಪತ್ತಾರು ಜನ ಬೆಳಗಿನಿಂದ ಸಂಜೆಯವರೆಗೆ ಅವರ ಮುಖವನ್ನೇ ನೋಡುತ್ತಾರೆ.

ಆ ಇಪ್ಪತ್ತಾರು ಜನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಡ್ರಾಯಿಂಗ್ ಮೇಷ್ಟ್ರುಗಳು, ಮೇಡಂಗಳು. ಶಾಲೆಯಲ್ಲಿ ಇವರ ಪಾಡು ಕೇಳಬಾರದು. ಡ್ರಾಯಿಂಗ್ ಪೀರಿಯಡ್ ಎಂದರೆ ಗಣಿತದವರು, ವಿಜ್ಞಾನದವರು ಪಾಠ ಮುಗಿಸಲು ಕಣ್ಣು ಹಾಕುವ ಪೀರಿಯಡ್. ಬ್ಯಾನರ್ ಬರೆಯಲು, ಸ್ಟೇಜು ಸಿಂಗರಿಸಲು, ಪರೀಕ್ಷೆಯ ದಿನ ಗೋಡೆಗೆ ನಂಬರ್ ಅಂಟಿಸಲು ಮಾತ್ರ ಮೇಷ್ಟ್ರು ಬೇಕು. ಹಾಗಾಗಿ ವರ್ಷಕ್ಕೊಮ್ಮೆ ಯಾರ ಸುತ್ತೋಲೆಗೂ ಕಾಯದೆ ತಾವೇ ಸೇರಿ ಕಮ್ಮಟ ಮಾಡಿಕೊಳ್ಳುತ್ತಾರೆ. ಆ ಎರಡು ದಿನ ಅವರು ಕಲಿಸುವವರಲ್ಲ, ಕಲಿಯುವವರು. ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಕೊಂಕು ತೆಗೆಯುತ್ತಾರೆ, ಮಕ್ಕಳಂತೆ ಮುನಿಸಿಕೊಳ್ಳುತ್ತಾರೆ, ಮಧ್ಯಾಹ್ನ ಚಿತ್ರಾನ್ನ ತಿಂದು ರಾಜಿಯಾಗುತ್ತಾರೆ.

ಯತ್ತಪ್ಪ ಇವರ ಕೈಗೆ ಸಿಕ್ಕಿದ್ದು ಒಂಬತ್ತು ವರ್ಷದ ಹಿಂದೆ. ಅಂದು ಮೇಷ್ಟ್ರುಗಳೆಲ್ಲ ತೋಟದ ಚಿತ್ರ ಬರೆಯಲು ಕಂದಿಕೆರೆಗೆ ಬಂದಿದ್ದರು. ಕಮ್ಮಟದ ಹೊಣೆ ಹೊತ್ತಿರುವ ಶಶಿರೇಖಾ ಮೇಡಂ, ಮರಕ್ಕೆ ಒರಗಿ ನಿಂತಿದ್ದ ಈ ಮೀಸೆಯ ಮನುಷ್ಯನನ್ನು ಕಂಡು "ಸ್ವಲ್ಪ ಹಾಗೇ ಇರಿ" ಎಂದರು. ಬರೆದು ಮುಗಿಸಿ, 'ಆಯ್ತು' ಎನ್ನುವುದನ್ನು ಮರೆತು ಊಟಕ್ಕೆ ಹೋದರು. ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಯತ್ತಪ್ಪ ಹಾಗೇ ಇದ್ದಾರೆ. ಮೇಡಂಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತಂತೆ.

"ಇರಿ ಅಂದ್ರು, ಇದ್ದೆ" ಎನ್ನುತ್ತಾರೆ ಯತ್ತಪ್ಪ. "ಚಿಕ್ಕಂದಿನಾಗೆ ಕುರಿ ಹಿಂದೆ ಹೋಗ್ತಿದ್ನಲ್ಲ, ಕೋಲೂರ್ಕಂಡು ನಿಂತ್ರೆ ಹೊತ್ತು ನೆತ್ತೀಗ್ ಬರಗಂಟ ನಿಂತಿರ್ತಿದ್ದೆ. ನಾವು ಅಲ್ಲಾಡಿದ್ರೆ ಕುರೀನೂ ಅಲ್ಲಾಡ್ತವೆ."

ಸುಮ್ಮನೆ ಕೂರುವುದೂ ಒಂದು ಕೆಲಸವೇ ಎಂದು ನಗುವವರು ಒಮ್ಮೆ ಕೂತು ನೋಡಬೇಕು. ಒಂದು ಸಲಕ್ಕೆ ನಲವತ್ತೈದು ನಿಮಿಷ, ಹತ್ತು ನಿಮಿಷ ಬಿಡುವು, ಮತ್ತೆ ನಲವತ್ತೈದು. ದಿನಕ್ಕೆ ಅಂಥ ಆರು ಕೂಟ. ಮೂಗಿನ ಮೇಲೆ ನೊಣ ಕೂತರೂ ಓಡಿಸುವಂತಿಲ್ಲ. ಯತ್ತಪ್ಪ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅಲ್ಲಾಡಿರಲಿಲ್ಲ. ಅವರ ಮುಖ ಪೆನ್ಸಿಲ್ಲಿನಲ್ಲಿ, ಇದ್ದಿಲಿನಲ್ಲಿ, ಬಣ್ಣದಲ್ಲಿ ಮೂರು ತಾಲ್ಲೂಕಿನ ಶಾಲೆಗಳ ಗೋಡೆ ಮೇಲಿದೆ. ಅವರ ಮನೆಯಲ್ಲಿ ಮಾತ್ರ ಒಂದೂ ಇರಲಿಲ್ಲ. ಕೇಳಲು ಅವರಿಗೆ ಸಂಕೋಚ, ಕೊಡಲು ಇವರಿಗೆ ಹೊಳೆದಿರಲಿಲ್ಲ.

ಈ ವರ್ಷದ ಕಮ್ಮಟ ಜೇಡಿಮಣ್ಣಿನದು. ತೆಂಗಿನಕಾಯಿ ಗಾತ್ರದ ತಲೆಗಳು. ಮೊದಲ ಭಾನುವಾರ ಮುಖದ ಆಕಾರ ಎಬ್ಬಿಸಿ, ಒದ್ದೆ ಬಟ್ಟೆ ಸುತ್ತಿಟ್ಟು, ಹದಿನೈದು ದಿನ ಬಿಟ್ಟು ಎರಡನೆಯ ಭಾನುವಾರ ತೀಡಿ ಮುಗಿಸುವುದೆಂದು ಮಾತಾಗಿತ್ತು. ಮೊದಲ ದಿನ ಎಲ್ಲರ ಕೈಯೂ ಓಡಿದ್ದು ಮೀಸೆಯ ಕಡೆಗೆ. ಹಿರಿಯರಾದ ಸೂರ್ಯಪ್ರಕಾಶ್ ಮೇಷ್ಟ್ರಂತೂ ಹಳೆಯ ಕೊಡೆಯ ಕಡ್ಡಿ ಹಿಡಿದು ಒಂದೊಂದೇ ಕೂದಲು ಗೀರಿದರು. ಅವರಿಗೆ ನಿವೃತ್ತಿಗೆ ಮೂರೇ ತಿಂಗಳು. ಮೇಷ್ಟ್ರಾಗಿ ಇದೇ ಕೊನೆಯ ಕಮ್ಮಟ, ಹಾಗಾಗಿ ಮೀಸೆ ನೋಡಿದವರು ಬೆರಗಾಗಬೇಕು ಎಂಬ ಹಟ.

ಎರಡು ಭಾನುವಾರಗಳ ನಡುವೆ ಯತ್ತಪ್ಪನವರ ಮನೆಯಲ್ಲಿ ಬೇರೊಂದು ನಡೆಯಿತು. ಹೆಂಡತಿ ಕರಿಯಕ್ಕನಿಗೆ ಎರಡು ವರ್ಷದಿಂದ ಕಣ್ಣಿಗೆ ಪೊರೆ. ಒಲೆಯ ಮೇಲಿನ ಎಸರೂ ಕಾಣದಷ್ಟು ಮಂಜು. ಆಪರೇಷನ್ ಆಯಿತು, ಪಟ್ಟಿ ಬಿಚ್ಚಿದರು, ಕರಿಯಕ್ಕ ಆಸ್ಪತ್ರೆಯ ಗೋಡೆಯ ಮೇಲಿದ್ದ ಹಲ್ಲಿಯನ್ನು ತೋರಿಸಿ "ಅಲ್ನೋಡು, ಬಾಲ ಇಲ್ಲ ಅದುಕ್ಕೆ" ಎಂದರು. ಯತ್ತಪ್ಪ ಅಲ್ಲೇ ಕುಸಿದು ಕೂತು ಅತ್ತುಬಿಟ್ಟರು. ಕಣ್ಣು ಬಂದರೆ ಮುಡಿ ಕೊಡುತ್ತೇನೆಂದು ಮನೆದೇವರಿಗೆ ಹೇಳಿಕೊಂಡಿದ್ದರು. ಮಾರನೆಯ ದಿನವೇ ಹೊರಟರು.

ಹೇಳಿಕೊಂಡಿದ್ದು ತಲೆಗೂದಲು ಮಾತ್ರ. ಆದರೆ ಕ್ಷೌರದವರು ತಲೆ ಮುಗಿಸಿ "ಮೀಸೆ?" ಎಂದು ಕೇಳಿದಾಗ ಯತ್ತಪ್ಪನವರ ಮನಸ್ಸು ತುಂಬಿ ಬಂದಿತ್ತು. "ದೇವ್ರು ಎರಡೂ ಕಣ್ಣು ಕೊಟ್ಟವ್ನೆ, ನಾನು ಅರ್ಧಂಬರ್ಧ ಕೊಡದಾ? ತೆಗೀರಿ ಅಂದ್ಬುಟ್ಟೆ."

ವಾಪಸು ಬರುವಾಗ ಹುಳಿಯಾರಿನ ಬಸ್ ನಿಲ್ದಾಣದಲ್ಲಿ ಟೀ ಅಂಗಡಿಯ ಕನ್ನಡಿಯಲ್ಲಿ ಯಾರೋ ತಮ್ಮನ್ನೇ ನೋಡುತ್ತಿರುವುದನ್ನು ಕಂಡರು. ಆಗ ನೆನಪಾಯಿತು, ಎರಡನೆಯ ಭಾನುವಾರ! ಇನ್ನು ಆರೇ ದಿನ ಉಳಿದಿತ್ತು.

"ಇಪ್ಪತ್ತಾರು ಜನದ ಕೆಲ್ಸಕ್ಕೆ ನಾನು ಮಣ್ಣು ಹಾಕ್ದೆ. ಇನ್ನು ಆ ಕುರ್ಚಿ ಮ್ಯಾಗೆ ನನ್ನ ಯಾರು ಕೂರುಸ್ತಾರೆ?" ಎಂದು ಅವರು ಕರಿಯಕ್ಕನ ಮುಂದೆ ಗೋಳಾಡಿದರು. ಯತ್ತಪ್ಪನವರಿಗೆ ಆ ಕುರ್ಚಿ ಬರೀ ಕುರ್ಚಿಯಲ್ಲ. ಊರಿನಲ್ಲಿ 'ಏ ಯತ್ತ' ಎನಿಸಿಕೊಳ್ಳುವವರು ಅಲ್ಲಿ 'ಯತ್ತಪ್ಪನವರೇ' ಆಗುತ್ತಾರೆ. ಟೀ ಮೊದಲು ಅವರಿಗೆ ಕೊಟ್ಟು ಆಮೇಲೆ ಮೇಷ್ಟ್ರುಗಳು ಕುಡಿಯುತ್ತಾರೆ.

ಆರು ದಿನ ಹರಳೆಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಬೆಳಗಾದರೆ ಕನ್ನಡಿ. ಹೊಸ ಕಣ್ಣಿನ ಕರಿಯಕ್ಕನಿಗೆ ಇದೆಲ್ಲ ತಮಾಷೆ. "ರಾಗಿ ಪೈರಾ ಅದು, ದಿನಾ ಮೊಳಕೆ ನೋಡಾಕೆ?" ಎಂದು ಛೇಡಿಸುತ್ತಿದ್ದರು.

ಕೊನೆಗೆ ಯತ್ತಪ್ಪ ಒಂದು ಉಪಾಯ ಹೂಡಿದರು. ತಮ್ಮ ಚಿತ್ತೇಶನಿಗೂ ಅಂಥದ್ದೇ ಮೀಸೆ, ಒಂದೇ ತಾಯಿ ಮಕ್ಕಳಲ್ಲವೇ. ಭಾನುವಾರ ಬೆಳಿಗ್ಗೆ ತಮ್ಮನನ್ನು ಬಸ್ಸಿಗೆ ಹತ್ತಿಸಿಕೊಂಡು ತಿಪಟೂರಿಗೆ ಹೋಗಿ, ಹಾಲಿನ ಬಾಗಿಲಲ್ಲಿ ನಿಂತು, ಟವಲಿನಿಂದ ಬಾಯಿ ಮುಚ್ಚಿಕೊಂಡೇ ಹೇಳಿದರು: "ಮೇಡಮ್ಮೋರೇ, ಮುಖ ನಂದು ನೋಡ್ಕಳಿ. ಮೀಸೆ ಇವ್ನುದು ನೋಡ್ಕಳಿ."

ಶಶಿರೇಖಾ ಮೇಡಂಗೆ ಮೊದಲು ಅರ್ಥವಾಗಲಿಲ್ಲ. ಟವಲು ಇಳಿದ ಮೇಲೆ ಅರ್ಥವಾಯಿತು. ಆದರೂ ಒಂದು ಕೈ ನೋಡೋಣವೆಂದು ಅಣ್ಣತಮ್ಮಂದಿರನ್ನು ಅಕ್ಕಪಕ್ಕ ಕೂರಿಸಿದರು. ಚಿತ್ತೇಶ ಎರಡನೆಯ ನಿಮಿಷಕ್ಕೆ ತೊಡೆ ಕೆರೆದುಕೊಂಡ, ಐದನೆಯ ನಿಮಿಷಕ್ಕೆ ಫೋನು ತೆಗೆದ, ಹತ್ತನೆಯ ನಿಮಿಷಕ್ಕೆ ಎದ್ದು ನಿಂತು "ಅಣ್ಣಾ, ಕಾಯಿ ಸುಲಿಯೋದೇ ವಾಸಿ, ನನ್ ಕೈಲಾಗಲ್ಲ" ಎಂದು ಹೊರಗೆ ಹೋಗಿಬಿಟ್ಟ. ಮೀಸೆಯೂ ಅವನ ಜೊತೆಗೇ ಹೋಯಿತು.

ಯತ್ತಪ್ಪ ಮಾತ್ರ ಕೂತೇ ಇದ್ದರು. ಸೂರ್ಯಪ್ರಕಾಶ್ ಮೇಷ್ಟ್ರು ತಮ್ಮ ಜಾಗದಿಂದ ಎದ್ದು ಹತ್ತಿರ ಬಂದರು. ಕನ್ನಡಕ ಹಣೆಗೇರಿಸಿ ಆ ಬೋಳು ಮೇಲ್ತುಟಿಯನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದೇ ಎಲ್ಲರೂ ಅಂದುಕೊಂಡರು. ಮೇಷ್ಟ್ರು ವಾಪಸು ಹೋಗಿ ಮಣ್ಣು ಕೊಯ್ಯುವ ತಂತಿ ತೆಗೆದುಕೊಂಡು, ಒಂದು ದಿನವೆಲ್ಲ ಗೀರಿದ್ದ ಮೀಸೆಯನ್ನು ಒಂದೇ ಎಳೆತಕ್ಕೆ ಕೊಯ್ದು ಪೇಪರಿನ ಮೇಲೆ ಇಟ್ಟರು.

"ಒಂಬತ್ತು ವರ್ಷದಿಂದ ಇವರನ್ನ ಬರೀತಿದೀವಿ" ಎಂದರು. "ನಮ್ಮಲ್ಲಿ ಯಾರಾದ್ರೂ ಒಬ್ರು ಇವರ ಬಾಯಿ ಬರೆದಿದೀವೇನ್ರೀ? ಬಾಯಿ ಕಷ್ಟ. ಅದಕ್ಕೇ ಮೀಸೆ ಹಿಂದೆ ಬಚ್ಚಿಟ್ಕೊಂಡಿದ್ವಿ. ನಾನೂ ಅಷ್ಟೇ. ಮಕ್ಕಳಿಗೆ ನೋಡಿ ಬರೀರಿ ಅಂತ ಮೂವತ್ತು ವರ್ಷ ಹೇಳಿದೆ, ನಾನೇ ನೋಡಿರಲಿಲ್ಲ."

ಆಮೇಲೆ ತಂತಿ ಕೈಯಿಂದ ಕೈಗೆ ಹೋಯಿತು. ಒಂದೊಂದೇ ಮೀಸೆ ಬಂದು ಪೇಪರಿನ ಮೇಲೆ ಕೂತಿತು: ದಪ್ಪನೆಯದು, ಸೊಟ್ಟನೆಯದು, ತುದಿ ಮೇಲೆದ್ದದ್ದು, ಕೆಳಗೆ ಜೋತದ್ದು. "ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರೆ. ಇಲ್ನೋಡಿ, ಜಟ್ಟಿ ಗಟ್ಟಿಯಾಗಿ ಕೂತಿದ್ದಾರೆ, ಮೀಸೆ ಮಾತ್ರ ಪೂರ್ತಿ ಮಣ್ಣು" ಎಂದು ಹಿಂದಿನಿಂದ ಯಾರೋ ಹೇಳಿದರು.

ಯತ್ತಪ್ಪ ತುಟಿ ಕಚ್ಚಿ ಹಿಡಿದರು. ನಗು ತಡೆಯಲಾಗಲಿಲ್ಲ. ಭುಜ ಕುಲುಕಿತು, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿಯೇ ಕುಲುಕಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರು ಅಲ್ಲಾಡಿದ್ದು. "ಅಲ್ಲಾಡಬೇಡಿ ಯತ್ತಪ್ಪನವರೇ!" ಎಂದು ಇಪ್ಪತ್ತಾರು ಜನ ಒಟ್ಟಿಗೆ ಕೂಗಿದರು. "ಆ ಕೂಗು ಕೇಳಿದ್ಮ್ಯಾಗೆ ಹೋದ ಜೀವ ಬಂದಂಗಾಯ್ತು" ಎನ್ನುತ್ತಾರೆ ಅವರು. "ಅಲ್ಲಾಡ್ಬ್ಯಾಡಿ ಅಂದ್ರೆ ಕೂತಿರಿ ಅಂತ ತಾನೆ?"

ಸಂಜೆ ತಲೆಗಳನ್ನೆಲ್ಲ ಬೆಂಚುಗಳ ಮೇಲೆ ಸಾಲಾಗಿ ಇಟ್ಟರು. ಶಶಿರೇಖಾ ಮೇಡಂ ಫೋನು ಮಾಡಿ ಕರೆಸಿದ್ದರಿಂದ ಕರಿಯಕ್ಕನೂ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದರು. ಗಂಡನ ಒಂದು ಚಿತ್ರವನ್ನೂ ಅವರು ಅಲ್ಲಿಯವರೆಗೆ ನೋಡಿರಲಿಲ್ಲ. ಬಗ್ಗಿ ಬಗ್ಗಿ ಒಂದೊಂದನ್ನೇ ನೋಡುತ್ತಾ ಬಂದು ಸೂರ್ಯಪ್ರಕಾಶ್ ಮೇಷ್ಟ್ರು ಮಾಡಿದ ತಲೆಯ ಮುಂದೆ ನಿಂತರು.

"ಇದು. ಇದೇ ಸರ್ಯಾಗಿರೋದು. ಸಿಟ್ಟು ಬಂದ್ರೆ ಎಡಗಡೆ ತುಟಿ ಇಂಗೇ ಒಳೀಕ್ ಹೋಯ್ತದೆ, ಈ ಆರು ದಿನದಾಗೆ ನೋಡಿವ್ನಿ" ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. "ಮದ್ವೇಲೂ ಮೀಸೆ ಇತ್ತು. ನಲವತ್ತು ವರ್ಷ ಆದ್ಮ್ಯಾಗೆ ನಿನ್ ಬಾಯಿ ನೋಡ್ತಾ ಇವ್ನಿ. ಚೆನ್ನಾಗೈತೆ ಬುಡು."

ಉಳಿದ ಇಪ್ಪತ್ತೈದು ತಲೆಗಳು ಒಣಗಿದ ಮೇಲೆ ಇಪ್ಪತ್ತೈದು ಶಾಲೆಗಳಿಗೆ ಹೋಗಿವೆ. ಇನ್ನು ಮೂರು ತಿಂಗಳಿಗೆ ತನಗೆ ಶಾಲೆಯೇ ಇರುವುದಿಲ್ಲ, ತೆಗೆದುಕೊಂಡು ಹೋಗಿ ಎಲ್ಲಿಡಲಿ ಎನ್ನುತ್ತಾ ಸೂರ್ಯಪ್ರಕಾಶ್ ಮೇಷ್ಟ್ರು ತಮ್ಮದನ್ನು ಕರಿಯಕ್ಕನ ಮಡಿಲಿಗೆ ಇಟ್ಟರು. ಅದೀಗ ಯತ್ತಪ್ಪನವರ ಹಟ್ಟಿಯ ಮನೆಯಲ್ಲಿ, ದೀಪದ ಗೂಡಿನ ಪಕ್ಕದ ಗೂಡಿನಲ್ಲಿದೆ. ಕರಿಯಕ್ಕ ದಿನಾ ಅದರ ಧೂಳು ಒರೆಸುತ್ತಾರೆ.

ಹೊತ್ತು ನೆತ್ತಿಗೆ ಬಂದಿದೆ. ಯತ್ತಪ್ಪನವರ ಬಲಗಡೆಯ ರಾಶಿ ಸೊಂಟದವರೆಗೆ ಬೆಳೆದಿದೆ. ಮುಂದಿನ ವರ್ಷಕ್ಕೆ ಮೀಸೆ ಬಿಡುತ್ತೀರಾ ಎಂದು ಕೇಳಿದರೆ ಕೈಯಲ್ಲಿದ್ದ ಕಾಯಿಯನ್ನು ಒಮ್ಮೆ ಅಲ್ಲಾಡಿಸಿ, ಬಲಗಡೆಗೆ ಎಸೆದು, ಕೂಳೆಯ ಮೇಲೆ ಕೈಯಾಡಿಸಿಕೊಳ್ಳುತ್ತಾರೆ.

"ನಾನೂ ಮೇಡಮ್ಮೋರ್ನ ಅದ್ನೇ ಕೇಳ್ದೆ ಕಣಪ್ಪ. ನೀವು ಎಂಗಿರ್ತೀರೋ ಅಂಗೇ ಬನ್ನಿ ಅಂದ್ರು. ಮೀಸೆ ಬಂದ್ರೆ ಬರ್ಲಿ, ಬರ್ದಿದ್ರೆ ಬುಡ್ಲಿ. ಕುರ್ಚಿ ನಂದೇ ಅಂತೆ."