ತಿಳಿನೀರನ್ನು ನಂಬದ ದನದ ಡಾಕ್ಟರು

ಕೊಣನೂರಿನ ದನದ ಡಾಕ್ಟರ ಬಲಗೈ ಮೊಣಕೈವರೆಗೂ ಎಡಗೈಗಿಂತ ಬೆಳ್ಳಗಿತ್ತು. ಕಷ್ಟದ ಹೆರಿಗೆಗಳಲ್ಲಿ ಕರು ಎಳೆದು, ಪ್ರತಿ ಸಲವೂ ಕಾರ್ಬಾಲಿಕ್ ಸೋಪಿನಿಂದ ತಿಕ್ಕಿ ತಿಕ್ಕಿ ಆ ಕೈಯ ರೋಮವೆಲ್ಲ ಉದುರಿಹೋಗಿತ್ತು. ಸೈಕಲ್ಲಿನಿಂದ ಇಳಿದವರು ಮೊದಲು ಹಸುವಿನ ಕೊರಳಡಿ ಜೋಲುವ ಗಂಗೆದೊಗಲು ತುರಿಸಿ, "ಏನವ್ವಾ, ಏನಾಯ್ತು?" ಎನ್ನುತ್ತಿದ್ದರು. "ದನ ಸುಳ್ಳು ಹೇಳಲ್ಲ. ಯಜಮಾನರನ್ನ ಆಮೇಲೆ ಕೇಳಿದ್ರಾಯ್ತು" ಎಂಬುದು ಅವರ ವಾಡಿಕೆಯ ಮಾತು.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ನಮ್ಮೂರ ಕೆರೆಯಲ್ಲಿ ಹಸಿರು ಬಣ್ಣ ಕಲಸಿದಂತೆ ಪಾಚಿ ಕಟ್ಟಿತ್ತು. ಅಲ್ಲಿ ನೀರು ಕುಡಿದು ಬಂದ ನಮ್ಮ ಎಮ್ಮೆ ಮಾರನೆಯ ಬೆಳಿಗ್ಗೆ ಸತ್ತುಬಿದ್ದಿತ್ತು. ಆಗಷ್ಟೇ ಜಮೀನು ಪಾಲಾಗಿ, ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತಿತ್ತು.

"ಮದ್ದಾಕವ್ನೆ ಕಣ್ ಸಾ. ನನ್ ತಮ್ಮನೇ, ಇನ್ಯಾರೂ ಅಲ್ಲ" ಎಂದು ಅಪ್ಪ, ಹೇಳಿಕಳಿಸಿ ಕರೆಸಿದ್ದ ಡಾಕ್ಟರ ಮುಂದೆಯೇ ದೊಣ್ಣೆ ತೆಗೆದುಕೊಂಡರು.

ಡಾಕ್ಟರು ಅವರ ರಟ್ಟೆ ಹಿಡಿದು ಕೂರಿಸಿದರು. ಎಮ್ಮೆಯ ಹೊಟ್ಟೆ ಕೊಯ್ದು, ರಕ್ತ ತುಂಬಿ ಊದಿದ್ದ ಈಲಿಯನ್ನು, ಎಂದರೆ ಯಕೃತ್ತನ್ನು, ತೋರಿಸಿದರು. "ಇದು ಪಾಚಿಯ ವಿಷ. ನಿಮ್ಮ ತಮ್ಮನದಲ್ಲ. ಯಾರೂ ದನ ಕೆರೆಗೆ ಬಿಡಬೇಡಿ." ಅಪ್ಪ ಪೂರ್ತಿ ನಂಬಲಿಲ್ಲ. ದೊಣ್ಣೆಯನ್ನಂತೂ ಕೆಳಗಿಟ್ಟರು.

ಸ್ವಲ್ಪ ದಿನಕ್ಕೆ ಪಾಚಿ ಸತ್ತು ನೀರು ತಿಳಿಯಾಯಿತು. ಬಾವಿಯಲ್ಲಿ ಸೇದಿ ಸೇದಿ ಸೋತಿದ್ದ ಜನ ದನಗಳನ್ನು ಹೊಡೆದುಕೊಂಡು ಹೊರಟರು. ಡಾಕ್ಟರು ಕೆರೆ ಏರಿಯ ಮೇಲೆ ಸೈಕಲ್ ಅಡ್ಡ ನಿಲ್ಲಿಸಿದರು.

"ನೀರು ತಿಳಿಯಾಗೈತಲ್ಲ ಸಾ" ಎಂದರು ಅಪ್ಪ.

"ಪಾಚಿ ಸತ್ತಾಗಲೇ ಅದರೊಳಗಿನ ವಿಷ ನೀರಿಗಿಳಿಯೋದು ಕಣಪ್ಪ. ಕಣ್ಣಿಗೆ ಕಾಣದ ಜೀವಗಳು ಈ ನೀರಲ್ಲೇ ಇವೆ. ಅವು ಆ ವಿಷಾನ ತಿಂದು ಕರಗಿಸ್ತವೆ, ಬಿಸಿಲೂ ಕೈಜೋಡಿಸುತ್ತೆ. ಅವುಕ್ಕೆ ಸ್ವಲ್ಪ ಪುರುಸೊತ್ತು ಕೊಡಿ."

"ಕರಗ್ತು ಅಂತ ನಮ್ಗೆಂಗೆ ಗೊತ್ತಾಯ್ತದೆ?"

"ಮೊದಲು ನಮ್ಮನೆ ಹಸು ಕುಡಿಯುತ್ತೆ. ಆಮೇಲೆ ನಿಮ್ಮವು."

ತಿಂಗಳು ಕಳೆದ ಮೇಲೆ ಅವರು ಕೊಣನೂರಿನಿಂದ ಹಸುವನ್ನು ನಡೆಸಿಕೊಂಡೇ ಬಂದರು. ಅವರ ಮಕ್ಕಳಿಗೆ ಹಾಲು ಕೊಡುತ್ತಿದ್ದ ಒಂದೇ ಹಸು. ಅದು ಹೊಟ್ಟೆ ತುಂಬ ಕುಡಿಯಿತು. ನಮ್ಮ ಕೊಟ್ಟಿಗೆಯಲ್ಲೇ ಕಟ್ಟಿದರು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಸುಖವಾಗಿ ಮೆಲುಕು ಹಾಕುತ್ತಿತ್ತು. ಅಪ್ಪ ಬಹಳ ಹೊತ್ತು ಅದರ ಮುಂದೆ ಕೂತಿದ್ದು, ಎದ್ದು ಚಿಕ್ಕಪ್ಪನ ಜಗಲಿಗೆ ಹೋದರು.

"ದನ ಕೆರೆಗೆ ಬಿಡು ಕಣ್ಲಾ. ನೀರು ಚೆನ್ನಾಗೈತೆ."

ಚಿಕ್ಕಪ್ಪ ಸರಿದು ಕೂತು ಜಾಗ ಕೊಟ್ಟರು.

ವರ್ಗವಾಗಿ ಹೋದ ಡಾಕ್ಟರು ಕೆಲವು ವರ್ಷಗಳ ನಂತರ ಚನ್ನರಾಯಪಟ್ಟಣದಲ್ಲಿ ತೀರಿಕೊಂಡರು. ಅಣ್ಣ ತಮ್ಮ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಮಣ್ಣು ಹಾಕಿ ಬಂದರು. ಅಪ್ಪನೂ ಹೋದ ಮೇಲೆ ನನ್ನ ಮದುವೆಯಲ್ಲಿ ಧಾರೆ ಎರೆದವರು ಚಿಕ್ಕಪ್ಪ. ಅವರನ್ನು ನನಗೆ ಉಳಿಸಿಕೊಟ್ಟವರು ಆ ಡಾಕ್ಟರು.