ಗಾಜಿನ ಕೋಣೆಯ ರೊಟ್ಟಿ

ಮಾವಶಿಯ ಬಲ ಅಂಗೈಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಮದುವೆಯಾದಂದಿನಿಂದ ರೊಟ್ಟಿ ತಟ್ಟಿದ್ದು, ಅದರ ಮೇಲೆ ಹತ್ತು ವರ್ಷ ಸಿಮೆಂಟಿನ ಬುಟ್ಟಿ ಹೊತ್ತಿದ್ದು, ಎರಡೂ ಸೇರಿ ಆ ಕೈ ಹಳೆಯ ಬಾವಿಕಟ್ಟೆಯ ಕಲ್ಲಿನಂತೆ ನುಣ್ಣಗಾಗಿತ್ತು. ನಮ್ಮ ಕಾರ್ಖಾನೆಯ ಹಾಜರಾತಿ ಯಂತ್ರ ಅವಳ ಬೆರಳನ್ನು ಒಂದು ದಿನವೂ ಗುರುತು ಹಿಡಿಯಲಿಲ್ಲ. ಕೆಂಪು ದೀಪ ಹತ್ತಿದಾಗಲೆಲ್ಲ ಅವಳು ಯಂತ್ರಕ್ಕೇ ಸಮಾಧಾನ ಹೇಳುತ್ತಿದ್ದಳು. "ಇರಲಿ ಬಿಡಪಾ, ನಾ ಬಂದೀನಿ ಅಂತ ನನಗ ಗೊತ್ತೈತಿ." ಆಮೇಲೆ ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆಯುತ್ತಿದ್ದಳು.

ಆ ಕಾರ್ಖಾನೆ ಹೈದರಾಬಾದಿನ ನಾಚಾರಂನಲ್ಲಿದೆ. ಅಲ್ಲಿ ಬೇಯಿಸಿ, ಹೆಪ್ಪುಗಟ್ಟಿಸಿ, ಡಬ್ಬಿಗೆ ತುಂಬಿದ ಊಟ ಹಡಗು ಹತ್ತಿ ಅಮೆರಿಕದ ಅಂಗಡಿಗಳಿಗೆ ಹೋಗುತ್ತದೆ. ನಾನು ಗುಣಮಟ್ಟ ವಿಭಾಗದವಳು. ಗುಣಮಟ್ಟ ಎಂಬ ಮಾತು ಕೇಳಲು ದೊಡ್ಡದು. ನಾನು ಮಾಡುತ್ತಿದ್ದದ್ದು ಇಷ್ಟೇ: ಅಲ್ಲಿಂದ ಬಂದ ಪತ್ರ ಓದಿ, ನಮ್ಮ ಅಡುಗೆಯಿಂದ ಒಂದೊಂದನ್ನೇ ತೆಗೆಯುವುದು. ಎಣ್ಣೆಗಾಯಿಯಲ್ಲಿ ಗುರೆಳ್ಳಿನ ಪುಡಿ ಮಣ್ಣಿನಂತೆ ಕಾಣುತ್ತದೆ ಎಂದರು, ತೆಗೆದೆ. ಖಾರ ಇಳಿಸಿ ಎಂದರು, ಇಳಿಸಿದೆ. ಕೆನೆ ಮತ್ತು ಸಕ್ಕರೆ ಹಾಕಿ ಎಂದರು, ಅದನ್ನೂ ಹಾಕಿದೆ. ಜೋಳದ ರೊಟ್ಟಿ ಮುರಿಯಬಾರದು, ಒಳಗೆ ಪಲ್ಯ ಇಟ್ಟು ಸುರುಳಿ ಸುತ್ತಲು ಬರಬೇಕು ಎಂದರು. ಅದಕ್ಕೆ ಗೋಧಿ ಹಿಟ್ಟು, ಒಂದಷ್ಟು ಅಂಟು ಸೇರಿಸಿ ಯಂತ್ರಕ್ಕೆ ಕೊಟ್ಟೆ. ಡಬ್ಬಿಯ ಮೇಲೆ ಮಾತ್ರ ಒಲೆಯ ಮುಂದೆ ಕೂತ ಅಜ್ಜಿಯ ಚಿತ್ರವಿತ್ತು, ತಲೆತಲಾಂತರದ ಅಸಲಿ ರುಚಿ ಎಂದು ಬರೆದಿತ್ತು.

ಒಮ್ಮೆ ಮಾವಶಿಗೆ ಆ ಎಣ್ಣೆಗಾಯಿ ತೋರಿಸಿದೆ. ಡಬ್ಬಿಯೊಳಗೆ ಬಗ್ಗಿ ನೋಡಿ ಅವಳು ಅಂದದ್ದು: "ಬದನಿಕಾಯಿಗೆ ಯಾರೋ ಬೈದಾರ್ರಿ. ಮಾರಿ ಎಷ್ಟು ಸಪ್ಪಗ ಮಾಡೈತಿ ನೋಡ್ರಿ." ಯಂತ್ರದ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಕರವಸ್ತ್ರದಂತೆ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಇದು ರೊಟ್ಟಿ ಅಲ್ರಿ, ರೊಟ್ಟಿದು ಫೋಟೋ."

ಅವಳು ಲಿಂಗಸೂಗೂರು ಕಡೆಯವಳು. ನನಗೆ ಬಂಧುವಲ್ಲ, ಆ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ ಎನ್ನುತ್ತಿದ್ದೆ. ಗಂಡನೊಂದಿಗೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಬಂದಿದ್ದಳು. ಮಣಿಕೊಂಡದಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಮೂರನೇ ಅಂತಸ್ತಿನ ಸಾರುವೆಯಿಂದ ಗಂಡ ಬಿದ್ದ. ಸೊಂಟದ ಕೆಳಗೆ ಜೀವವಿಲ್ಲದಂತಾಯಿತು. ನಾನಿರುವುದೂ ಅದೇ ಮಣಿಕೊಂಡದಲ್ಲಿ, ಅಂಥದೇ ಒಂದು ಕಟ್ಟಡದ ಮೂರನೇ ಅಂತಸ್ತಿನಲ್ಲಿ. ಅದನ್ನು ಅವಳಿಗೆ ಹೇಳಲು ನನಗೆ ಎಂದೂ ಧೈರ್ಯ ಬರಲಿಲ್ಲ.

ಕೆಲಸ ಕೇಳಿಕೊಂಡು ಬಂದವಳನ್ನು ನಮ್ಮ ಮಾಲೀಕರು ಗಾಜಿನ ಕೋಣೆಯಲ್ಲಿ ಕೂರಿಸಿದರು. ಕಾರ್ಖಾನೆಯ ಮುಂಭಾಗದಲ್ಲಿ ನಾಲ್ಕೂ ಕಡೆ ಗಾಜು ಹಾಕಿಸಿದ ಕೋಣೆ, ಒಳಗೆ ಗ್ಯಾಸಿನ ಒಲೆ, ಕರಿ ಹಂಚು, ಹಿಟ್ಟು ನಾದುವ ಕೊಣಮಿಗೆ. ಅಮೆರಿಕದಿಂದ ಖರೀದಿದಾರರು ಯಾವಾಗ ಬಂದರೂ, ಅವರಿಗೆ ಯಾವಾಗ ಚಿತ್ರ ಕಳಿಸಬೇಕಾದರೂ ಸಿದ್ಧವಿರಲೆಂದು, ಅವಳು ದಿನವೂ ಇಳಕಲ್ ಸೀರೆ ಉಟ್ಟು ರೊಟ್ಟಿ ತಟ್ಟಬೇಕು. ಅವರು ಗಾಜಿನಾಚೆ ನಿಂತು ನೋಡುತ್ತಾರೆ. ಗೋಡೆಯ ಹಿಂದೆ ಯಂತ್ರ ತನ್ನ ಪಾಡಿಗೆ ತನ್ನ ರೊಟ್ಟಿ ಉಗುಳುತ್ತಿರುತ್ತದೆ. ಸಂಬಳದ ಜೊತೆಗೆ ಕಾರ್ಖಾನೆಯ ಹಿಂದೆ, ರಟ್ಟಿನ ಡಬ್ಬಿಗಳ ಗೋದಾಮಿಗೆ ಅಂಟಿಕೊಂಡಂತೆ ಒಂದು ಖೋಲಿಯನ್ನೂ ಕೊಟ್ಟರು. ನೆಲಮಟ್ಟದ ಖೋಲಿ, ಪಕ್ಕದಲ್ಲೇ ನೀರು. ಮಲಗಿದ ಗಂಡನನ್ನು ನೋಡಿಕೊಳ್ಳಲು ಅಂಥ ಜಾಗ ಈ ಊರಿನಲ್ಲಿ ಅವಳಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಕೈಯಲ್ಲಿ ತಟ್ಟಿದ ರೊಟ್ಟಿ ಕಾರ್ಖಾನೆಯ ನಿಯಮಕ್ಕೆ ಕೂಡುವುದಿಲ್ಲ. ಆದ್ದರಿಂದ ಅದನ್ನು ಯಾರೂ ತಿನ್ನುವಂತಿಲ್ಲ. ದಿನದ ಕೊನೆಗೆ ಅಷ್ಟನ್ನೂ ಕಸದ ಡಬ್ಬಕ್ಕೆ ಹಾಕಿ, ಯಾರೂ ಎತ್ತಿ ತಿನ್ನದಿರಲೆಂದು ಮೇಲೆ ನೀಲಿ ಔಷಧ ಸುರಿಯಬೇಕು. ಸುರಿದು ಸಹಿ ಮಾಡುವವಳು ನಾನು. ಮೊದಲ ದಿನ ನಾನು ಬಾಟಲಿ ಹಿಡಿದು ನಿಂತಾಗ ಅವಳು ಕೇಳಿದಳು.

"ಇವನ್ನ ಯಾರಿಗೆ ಕೊಡ್ತೀರ್ರಿ ಮೇಡಮ್ಮಾರ?"

"ಯಾರಿಗೂ ಇಲ್ಲ ಮಾವಶಿ."

"ದನಕ್ಕಾರ?"

"ದನಕ್ಕೂ ಇಲ್ಲ."

ಅವಳು ಮೇಲಿನ ರೊಟ್ಟಿಯೊಂದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೈ ಹಿಂದಕ್ಕೆ ತೆಗೆದಳು. "ಹಂಗಾರ ನಾ ಏನ್ ಮಾಡಾಕತ್ತೀನ್ರಿ ಇಲ್ಲಿ?" ಎಂದಳು. ಹಾಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಅವಳು ನಾಲ್ಕು ವರ್ಷ ಒಂದು ದಿನವೂ ಬಿಡಲಿಲ್ಲ. ನಾನೂ ಸುರಿಯುವುದನ್ನು ಬಿಡಲಿಲ್ಲ.

ಅವಳ ಖೋಲಿಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಪಕ್ಕದಲ್ಲೇ ರಟ್ಟಿನ ರಾಶಿ, ಕಿಡಿ ಹಾರಿದರೆ ಎಲ್ಲ ಬೂದಿ. ಹೀಗಾಗಿ ಗಂಡ ಹೆಂಡತಿ ಇಬ್ಬರಿಗೂ ಮೂರು ಹೊತ್ತು ಕ್ಯಾಂಟೀನಿನ ಅನ್ನ. ಜೋಳ ಉಂಡು ಬೆಳೆದ ಮನುಷ್ಯ, ಹಾಸಿಗೆಯಲ್ಲಿ ಮಲಗಿ ಅನ್ನ ಕಲಸಿ ಕಲಸಿ ಹಾಗೇ ಬಿಡುತ್ತಿದ್ದ. ನಾನು ಬೇಗಂ ಬಜಾರಿನಿಂದ ಒಂದು ಕಟ್ಟು ಖಡಕ್ ರೊಟ್ಟಿ ತಂದುಕೊಟ್ಟೆ. ಆತ ಮರ್ಯಾದೆಗೆ ಅರ್ಧ ತಿಂದ. "ಛಲೋ ಅದಾವ್ರಿ. ಆದ್ರ ಅಕಿ ಕೈದ ಬ್ಯಾರೆ" ಎಂದ. ಮಾವಶಿ ಅದರಲ್ಲಿ ಒಂದು ಚೂರೂ ಮುರಿಯಲಿಲ್ಲ. "ನನ್ನ ಕೈದೊಂದ ರೊಟ್ಟಿ ಅವರು ಉಣ್ಣೋತನಕ ನನಗೂ ರೊಟ್ಟಿ ಬ್ಯಾಡ್ರಿ" ಎಂದು ಆಣೆ ಹಾಕಿಕೊಂಡಿದ್ದಳು. ದಿನಕ್ಕೆ ಮೂವತ್ತು ನಲವತ್ತು ರೊಟ್ಟಿ ತಟ್ಟುವ ಹೆಂಗಸು ಆ ನಾಲ್ಕು ವರ್ಷ ಒಂದು ರೊಟ್ಟಿಯನ್ನೂ ಬಾಯಿಗಿಡಲಿಲ್ಲ.

ಭಾನುವಾರ ನಮ್ಮ ಮನೆಗೆ ಬಾ, ನಮ್ಮ ಒಲೆಯಲ್ಲಿ ಮಾಡಿಕೊಂಡು ಹೋಗು ಎಂದು ಒಮ್ಮೆ ಕರೆದೆ. "ಅವರನ್ನ ಯಾರು ಹೊಳ್ಳಿಸಿ ಮಲಗಿಸ್ತಾರ್ರಿ?" ಎಂದಳು. ನಾನು ಎರಡನೇ ಸಲ ಕರೆಯಲಿಲ್ಲ. ಒಂದು ಆಟೋ ಮಾಡಿ, ಇಬ್ಬರನ್ನೂ ಕೂರಿಸಿಕೊಂಡು ಹೋಗಬಹುದಿತ್ತು. ಭಾನುವಾರ ನನಗೆ ಮಲಗುವುದಿತ್ತು, ಬಟ್ಟೆ ಒಗೆಯುವುದಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಅದೇ ನಿಜ.

ನನ್ನನ್ನು ಅವಳು ಬಹಳ ಗೇಲಿ ಮಾಡುತ್ತಿದ್ದಳು. ನಮ್ಮಪ್ಪ ಮೈಸೂರು ಕಡೆಯಿಂದ ಇಲ್ಲಿನ ರಕ್ಷಣಾ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಮನೆಯಲ್ಲಿ ಆ ಕಡೆಯ ಮಾತು. "ನಿಮ್ಮ ಕನ್ನಡ ಇಡ್ಲಿ ಇದ್ದಂಗೈತ್ರಿ, ಹಲ್ಲಿಗೆ ಕೆಲಸಾನ ಇಲ್ಲ" ಎನ್ನುತ್ತಿದ್ದಳು. ಕಾರ್ಖಾನೆಯೆಲ್ಲ ತೆಲುಗು, ಹಿಂದಿ. ನಾವಿಬ್ಬರೇ ಕನ್ನಡದವರು. ಗಾಜಿನ ಬಾಗಿಲು ಸರಿಸಿ ನಾನು ಒಳಗೆ ಹೋದರೆ ಅವಳ ಮುಖ ಅರಳುತ್ತಿತ್ತು. ಅದಕ್ಕೇ ನಾನು ಮಾಡಿದ್ದು ಇನ್ನೂ ಚುಚ್ಚುತ್ತದೆ.

ಶುದ್ಧ ಜೋಳದ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಊರಿನಲ್ಲಿ ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ಚಿತ್ರ ನೋಡಿದ ಖರೀದಿದಾರರು, ನಿಮ್ಮ ಅಜ್ಜಿಯ ರೊಟ್ಟಿಯೂ ನಮ್ಮ ಡಬ್ಬಿಯ ರೊಟ್ಟಿಯೂ ಬೇರೆ ಬೇರೆ ಕಾಣುತ್ತವೆ ಎಂದು ಬರೆದರು. ಮಾಲೀಕರು ನನ್ನನ್ನು ಕರೆದು, "ರೊಟ್ಟೆ ಪಗಲಕೂಡದಮ್ಮಾ" ಎಂದರು, ರೊಟ್ಟಿ ಬಿರಿಯಬಾರದಮ್ಮಾ ಎಂದು. ಡಬ್ಬಿಯದನ್ನು ಸರಿಮಾಡಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಮಾವಶಿಯ ಹಿಟ್ಟಿನ ಡಬ್ಬಕ್ಕೆ ಒಂದು ಹಿಡಿ ಗೋಧಿ ಹಿಟ್ಟು ಬೆರೆಸಿದೆ. ಮುಂದಿನ ತಿಂಗಳು ಎರಡು ಹಿಡಿ. ಆಮೇಲೆ ಒಂದು ಚಿಟಿಕೆ ಅಂಟು. ಎರಡು ವರ್ಷದಲ್ಲಿ ಅವಳ ಡಬ್ಬದಲ್ಲಿದ್ದದ್ದೂ ಯಂತ್ರದ ಹಿಟ್ಟೇ ಆಗಿತ್ತು.

ಅವಳಿಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಅಷ್ಟರಲ್ಲಿ ತಪಾಸಣೆಯವರು ಅವಳ ಕೈಗೆ ತೆಳು ಕೈಗವಸು, ಮೂಗಿಗೆ ಬಟ್ಟೆ ಹಾಕಿಸಿದ್ದರು. ಯಾರೂ ತಿನ್ನದ ರೊಟ್ಟಿಗೆ ಅಷ್ಟು ಮಡಿ! ಹಿಟ್ಟನ್ನು ಅವಳು ಬರಿಗೈಯಲ್ಲಿ ಮುಟ್ಟಲಿಲ್ಲ, ಮೂಸಲಿಲ್ಲ, ಬೆಂದದ್ದನ್ನು ತಿನ್ನಲೂ ಇಲ್ಲ. ಹಿಟ್ಟು ಹದವಾಗಿ ಬರುತ್ತಿದೆ ಎಂದಷ್ಟೇ ತಿಳಿಯಿತು. "ಈ ವರ್ಷದ ಜ್ವಾಳ ಭಾಳ ಛಲೋ ಐತ್ರಿ, ಎಸರಿಲ್ಲದನ ನಾದಾಕ ಬರ್ತೈತಿ" ಎಂದು ಒಂದು ದಿನ ಖುಷಿಯಿಂದ ಹೇಳಿದಳು. ಜೋಳದ ಹಿಟ್ಟಿಗೆ ಕುದಿಯುವ ನೀರು, ಅಂದರೆ ಎಸರು, ಹಾಕದಿದ್ದರೆ ಅದು ಕೂಡಿಕೊಳ್ಳುವುದಿಲ್ಲ. ಅಂದಿನಿಂದ ಅವಳು ಎಸರಿಡುವುದನ್ನೇ ಬಿಟ್ಟಳು. ನಾನು ಹೂಂ ಎಂದೆ.

ನಾಲ್ಕನೇ ವರ್ಷ ಗಂಡನ ಬೆನ್ನ ಹುಣ್ಣು ಜೋರಾಯಿತು. ಇನ್ನು ಹೆಚ್ಚು ದಿನವಿಲ್ಲ ಎಂದರು ಡಾಕ್ಟರು. ಮಾವಶಿ ಗಾಜಿನ ಕೋಣೆಯಲ್ಲಿ, ತಟ್ಟುವ ಕೈ ನಿಲ್ಲಿಸದೆ, ನನ್ನ ಕಡೆ ನೋಡದೆ ಅಂದಳು: "ಒಂದ ರೊಟ್ಟಿ ಮೇಡಮ್ಮಾರ. ಒಂದ. ಅವರ ಬಾಯಾಗ ಬಿದ್ರ ಸಾಕು."

ಕಸದ ಡಬ್ಬದ ಮೇಲೊಂದು ಕ್ಯಾಮೆರಾ ಇತ್ತು. ಒಂದು ಪೊಟ್ಟಣ ಒಯ್ದದ್ದಕ್ಕೆ ಪ್ಯಾಕಿಂಗಿನ ಹೆಂಗಸೊಬ್ಬಳ ಕೆಲಸ ಹೋಗಿತ್ತು. ಮಾವಶಿಗೆ ಕೆಲಸ ಹೋದರೆ ಖೋಲಿಯೂ ಹೋಗುತ್ತದೆ. ಹೀಗೇ ಲೆಕ್ಕ ಹಾಕುತ್ತ ನಾನು ಒಂದು ವಾರ ಕಳೆದೆ. ಎಂಟನೇ ದಿನ ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರ್ ಹಚ್ಚುವಷ್ಟರಲ್ಲಿ ಒಂದು ರೊಟ್ಟಿಯನ್ನು ನನ್ನ ಬಿಳಿ ಕೋಟಿನೊಳಗೆ, ಎದೆಗೆ ಅವಚಿ ಹಿಡಿದು ಹೊರಟೆ. ಬಿಸಿ ಚುರುಗುಟ್ಟುತ್ತಿತ್ತು. ಹಿಟ್ಟಿನ ವಿಷಯ ನನಗೆ ಆಗ ನೆನಪೇ ಇರಲಿಲ್ಲ ಎಂದರೆ ನಂಬುತ್ತೀರಾ? ಇರಲಿಲ್ಲ. ನಾನು ಯಾವುದೋ ದೊಡ್ಡ ಪುಣ್ಯ ಮಾಡುತ್ತಿದ್ದೇನೆಂದೇ ತಿಳಿದಿದ್ದೆ.

ಖೋಲಿಯಲ್ಲಿ ಆತನ ತಲೆದಿಂಬು ಎತ್ತರಿಸಿ, ಚೂರು ಮುರಿದು ಬಾಯಿಗಿಟ್ಟೆ. ಆತ ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದ. ಆಮೇಲೆ ಕಣ್ಣು ತೆರೆದ.

"ಇದು ಅಕಿ ಕೈದಲ್ರಿ."

"ನನ್ನ ಕಣ್ಣೆದುರಿಗೇ ಮಾಡಿದ್ದು. ಈಗ ತಾನೇ ಹಂಚಿನಿಂದ ಇಳಿಸಿದ್ದು."

ಆಗ ನನಗೆ ಹಿಟ್ಟು ನೆನಪಾಯಿತು. ಆತ ನನ್ನ ಮುಖವನ್ನೇ ನೋಡುತ್ತಿದ್ದ. ಹೇಳಿಬಿಡಬೇಕಿತ್ತು. ನಾನು ಇನ್ನೊಂದು ಚೂರು ಮುರಿದೆ.

"ಹಂಗಾರ ಅಕಿ ಕೈ ಹೋತು" ಎಂದ ಆತ, ತನಗೆ ತಾನೇ ಎಂಬಂತೆ. ಆಮೇಲೆ, "ಕೊಡ್ರಿ, ಎಲ್ಲಾ ಕೊಡ್ರಿ. ಅಕಿಗೆ ಏನೂ ಹೇಳಬ್ಯಾಡ್ರಿ" ಎಂದು, ಒಂದು ತುಣುಕೂ ಬಿಡದೆ ನೀರು ಕುಡಿದು ಕುಡಿದು ನುಂಗಿದ.

ವಾಪಸು ಬಂದಾಗ ಮಾವಶಿ ಕೈ ಕಟ್ಟಿ ಕೂತಿದ್ದಳು. "ಉಂಡ್ರೇನ್ರಿ?" ಎಂದಳು. ಪೂರ್ತಿ ತಿಂದರು ಎಂದೆ. "ಏನಂದ್ರು?" ನಿನ್ನ ಕೈದೇ ಅಂದರು ಎಂದೆ. ಅವಳು ಮೂಗಿನ ಬಟ್ಟೆ ಕೆಳಗೆ ಸರಿಸಿ ನಕ್ಕಳು. ಗಾಜಿನಾಚೆ ಯಾರೂ ಇರಲಿಲ್ಲ. ಆ ನಗುವನ್ನು ನೋಡಿದ್ದು ನಾನೊಬ್ಬಳೇ.

ಹನ್ನೆರಡನೇ ದಿನ ಆತ ಹೋದ. ಮಣ್ಣು ಮಾಡಲು ಊರಿಗೆ ಒಯ್ದರು. ಮಾವಶಿ ಮರಳಿ ಬರಲಿಲ್ಲ. ಖೋಲಿಯಲ್ಲಿ ಇನ್ನು ಯಾರಿಗಾಗಿ ಇರಬೇಕು? ನನಗೆ ಅವಳು ಗಾಜಿನಿಂದ ಹೊರಗೆ ಬಂದಳಲ್ಲ ಎಂದು ಸಮಾಧಾನವಾಯಿತು. ತಿಂಗಳೊಪ್ಪತ್ತಿನ ಮೇಲೆ ಅವಳ ಫೋನು ಬಂತು.

"ತಂಗಿ ಮನ್ಯಾಗ ರೊಟ್ಟಿ ಮಾಡಾಕ ಕುಂತೀನ್ರಿ ಮೇಡಮ್ಮಾರ. ನಮ್ಮ ಹೊಲದ್ದ ಜ್ವಾಳ. ಬರವಲ್ದು."

"ಏನು ಬರ್ತಿಲ್ಲ ಮಾವಶಿ?"

"ರೊಟ್ಟಿ ಬರವಲ್ದು. ತಣ್ಣೀರಾಗ ನಾದಿದ್ನಿ, ಒಡದು ಹ್ವಾತು. ಎಸರಿಟ್ಟು ನಾದಿದ್ನಿ, ತಟ್ಟಿದಂಗೆಲ್ಲ ಹರೀತೈತಿ. ತಂಗಿ ಸೊಸೆಂದಿರು ಬಾಯಿಗೆ ಸೆರಗು ಹಚ್ಚಿಕೊಂಡು ನಗಾಕತ್ತಾರ." ಅವಳು ಉಸಿರು ತೆಗೆದುಕೊಂಡಳು. "ಒಂದ ಮಾತು ಖರೇ ಹೇಳ್ರಿ. ಅವತ್ತು ಅವರು ಏನಂದ್ರು?"

ಆ ಗಳಿಗೆಯಲ್ಲಿ ನಾನು ಕಾರ್ಖಾನೆಯಲ್ಲಿರಲಿಲ್ಲ. ಕ್ಯಾಮೆರಾ ಇರಲಿಲ್ಲ, ಮಾಲೀಕರಿರಲಿಲ್ಲ. ನನ್ನ ಮನೆಯ ಬಾಲ್ಕನಿಯಲ್ಲಿ ನಿಂತಿದ್ದೆ. ನಾನು ಬೆರೆಸಿದ ಹಿಟ್ಟನ್ನೇ ವರ್ಷಗಟ್ಟಲೆ ತಟ್ಟಿ ಆ ಕೈ ಜೋಳದ ಹದ ಮರೆತಿದೆ ಎಂದು ನನಗೆ ಗೊತ್ತಿತ್ತು. ನಿಜ ಹೇಳಿದರೆ ಆ ಒಂದು ನಗುವೂ ಅವಳಿಂದ ಹೋಗುತ್ತದೆ ಎನ್ನಿಸಿತು.

"ನಿನ್ನ ಕೈದೇ ಅಂದರು ಮಾವಶಿ."

ಆ ಕಡೆ ಅವಳು ನಿರಾಳವಾದದ್ದು ನನಗೆ ಕೇಳಿಸಿತು. "ಹಂಗಾರ ಈ ಜ್ವಾಳಾನ ಖೊಟ್ಟಿ ಐತಿ ಬಿಡ್ರಿ" ಎಂದಳು. "ನಮ್ಮ ಹೊಲಾನ ಕೆಟ್ಟು ಹೋಗೇತಿ."

ಮುಂದಿನ ಸುಗ್ಗಿಗೆ ಮುಂಚೆಯೇ ಅವಳು ತೀರಿಕೊಂಡ ಸುದ್ದಿಯನ್ನು ಅವಳ ತಂಗಿ ತಿಳಿಸಿದಳು. ಕೊನೆಯ ದಿನಗಳಲ್ಲಿ ಮನೆಯ ಜೋಳ ಮುಟ್ಟುತ್ತಿರಲಿಲ್ಲವಂತೆ, ಅನ್ನವನ್ನೇ ಕೇಳುತ್ತಿದ್ದಳಂತೆ. ಆ ಜೋಳದಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಅವಳಿಗೆ ಹೇಳಬಹುದಾಗಿದ್ದವಳು ನಾನೊಬ್ಬಳೇ.