ವೃಷಭನ ಕಪಾಳದಿಂದ ಹುಟ್ಟಿದ ಎಕೋ

ಖಾನಾಪುರದ ಕುಸ್ತಿ ಕಣದಲ್ಲಿ ನಮ್ಮ ಮೈಕ್ ಸೆಟ್ಟಿಗೆ ಹೆಸರು ಬಂದದ್ದು ಮಾಲೀಕನಾದ ನನ್ನಿಂದಲ್ಲ, ಅದನ್ನು ನಡೆಸುತ್ತಿದ್ದ ವೃಷಭನಿಂದ. ಬೆಳಗಾವಿ ಸದಾಶಿವನಗರದ ಜೈನರವನು, ಮೂವತ್ತರ ಆಸುಪಾಸು. ಸೊಳ್ಳೆಯನ್ನೂ ಊದಿ ಕಳಿಸುವ ಮನೆತನ. ಸೇರಿದ್ದು ಮಾತ್ರ ಬಾಯಿಗಿಂತ ಕೈ ಮುಂದಿರುವ ನನ್ನಂಥವನ ಜೊತೆ.

ಅವನ ಹತ್ತಿರ ಜಪಾನಿನ ಒಂದು ಹಳೆಯ ಎಕೋ ಪೆಟ್ಟಿಗೆ ಇತ್ತು. ಗೋವಾದ ಹೋಟೆಲಿನಲ್ಲಿ ವಾದ್ಯ ಬಾರಿಸುವವರು ಮಾರಿದ್ದು. ಕಂಪನಿ ಅದನ್ನು ಮಾಡುವುದನ್ನೇ ಬಿಟ್ಟು ಎಷ್ಟೋ ವರ್ಷವಾಗಿತ್ತು. ಪೈಲ್ವಾನ ಶಡ್ಡು ಹೊಡೆದರೆ, ಅಂದರೆ ತೊಡೆ ತಟ್ಟಿ ಸವಾಲು ಹಾಕಿದರೆ, ಆ ಸಪ್ಪಳ ಪೆಟ್ಟಿಗೆಯೊಳಗೆ ಹೊಕ್ಕು ಧಡ್, ಧಡ್, ಧಡ್ ಎಂದು ಒರಟಾಗುತ್ತ, ದೂರವಾಗುತ್ತ ಕಣ ಸುತ್ತಿ ಬರುತ್ತಿತ್ತು. ಜನ ಕುಸ್ತಿಗಿಂತ ಅದಕ್ಕೇ ಸೀಟಿ ಹೊಡೆಯುತ್ತಿದ್ದರು.

೧೯೯೯ರ ಕುಸ್ತಿಯಲ್ಲಿ ಅದೇ ಮುಳುವಾಯಿತು. ಮೈಕು ಕಣದ ಮೂಡಲ ಬದಿಗಿತ್ತು. ಆ ಕಡೆಯ ಪೈಲ್ವಾನನ ಶಡ್ಡು ಗುಡುಗಿತು. ಎದುರಿಗೆ ನಿಂತಿದ್ದ ಜಾಂಬೋಟಿಯವನದು ಮೈಕಿಗೆ ಮುಟ್ಟಲೇ ಇಲ್ಲ. ಅವನಿಗೆ ಕುಸ್ತಿ ಕಲಿಸಿದ ವಸ್ತಾದ ಭರಮಣ್ಣ ನಮ್ಮ ಟೇಬಲ್ಲಿಗೆ ನುಗ್ಗಿದ.

“ನಮ್ಮ ಹುಡುಗನ ತೊಡಿ ಏನ ಬೆಂಡಿಂದೇನಲೇ? ಅವಂಗ ಹತ್ತ ಸಲ ಶಡ್ಡು, ನಮ್ಮಂವಗ ಒಂದೂ ಇಲ್ಲ?”

“ಇಲ್ರಿ ವಸ್ತಾದ್ರ, ಮೈಕ್ ಆ ಬಾಜು ಐತ್ರಿ...”

ಮಾತು ಮುಗಿಯಲಿಲ್ಲ. ಭರಮಣ್ಣನ ಅಂಗೈ ವೃಷಭನ ಎಡಗಪಾಳಕ್ಕೆ ಬಿತ್ತು. ವೃಷಭನ ಕೈಯಲ್ಲಿದ್ದ ಇನ್ನೊಂದು ಮೈಕು ಆ ಹೊಡೆತವನ್ನೂ ನುಂಗಿ ಊರಿಗೆಲ್ಲ ಕೇಳಿಸಿತು: ಫಟ್, ಫಟ್, ಫಟ್. ಜನ ಹೋ ಎಂದು ಎದ್ದರು. ಭರಮಣ್ಣ ಪೆಂಡಾಲಿನ ಗಳ ಕಿತ್ತು ಪೆಟ್ಟಿಗೆಯನ್ನು ಪುಡಿಪುಡಿ ಮಾಡಿದ. ನಾನು ಕುರ್ಚಿ ಎತ್ತಿ ಅವನ ಬೆನ್ನ ಮೇಲೆ ಮುರಿದೆ; ಅವನ ಕಡೆಯವರು ನನ್ನ ಮುಂದಿನ ಹಲ್ಲು ಉದುರಿಸಿದರು. ವೃಷಭನ ಎಡಗಿವಿಯಿಂದ ರಕ್ತ ಸೋರಿತು. ಆ ಕಿವಿ ಮತ್ತೆ ಕೇಳಲಿಲ್ಲ.

ಕುಸ್ತಿ ಕಮಿಟಿಯವರು ಸಾಫ್ ಹೇಳಿದರು: “ಮುಂದಿನ ವರ್ಷ ಆ ದನಿ ಇದ್ರ ಬರ್ರಿ. ಇಲ್ಲಾಂದ್ರ ಬ್ಯಾರೇದವ್ರನ್ನ ಕರೀತೀವಿ.”

ನಾನು ಟೆಂಪೋದಲ್ಲಿ ರಾಡು ಹಾಕಿಕೊಂಡು ವೃಷಭನ ಮನೆ ಮುಂದೆ ಹಾರ್ನ್ ಹೊಡೆದೆ. “ಬಾರೋ, ಆ ಭರಮಣ್ಣನ ಕೈ ಮುರದ ಬರೂಣು.”

“ಕೈ ಇರ್ಲಿ ಬಿಡ್ರಿ ಬಂಡೆಪ್ಪ ಕಾಕಾ. ಅವನ ಏಟು ಕ್ಯಾಸೆಟ್‌ನ್ಯಾಗ ಸಿಕ್ಕೈತಿ.”

ಕುಸ್ತಿಯನ್ನೆಲ್ಲ ಅವನು ರೆಕಾರ್ಡ್ ಮಾಡುತ್ತಿದ್ದ. ಆ ಒಂದು ಏಟಿನ ಬೆನ್ನಿಗೆ ಸತ್ತ ಪೆಟ್ಟಿಗೆಯ ಗುಣವೆಲ್ಲ ಇತ್ತು: ದನಿ ಎಷ್ಟು ಹೊತ್ತಿಗೆ ತಿರುಗಿ ಬರುತ್ತದೆ, ಬಂದಾಗಲೆಲ್ಲ ಎಷ್ಟು ಮಂಕಾಗುತ್ತದೆ. ಅದನ್ನು ಕಂಪ್ಯೂಟರಿಗೆ ಹಾಕಿ, ಅಳೆದು, ಪೆಟ್ಟಿಗೆ ಮಾಡುತ್ತಿದ್ದ ಕೆಲಸವನ್ನೇ ಪ್ರೋಗ್ರಾಮಾಗಿ ಬರೆಯತೊಡಗಿದ. ಮೊದಲು ಬಂದ ದನಿ ಸೋಪು ಹಚ್ಚಿ ತೊಳೆದಂತಿತ್ತು.

“ಹಳೇ ಪೆಟಗಿಗೆ ಬುದ್ಧಿ ಕಡಿಮಿ ಇತ್ರಿ. ದನೀನ ಒರಟ ಲೆಕ್ಕದಾಗ ಹಿಡೀತಿತ್ತು. ಇದಕ್ಕೂ ಆ ದಡ್ಡತನ ಕಲಿಸಬೇಕು,” ಎಂದು ಲೆಕ್ಕದ ನಯವನ್ನೆಲ್ಲ ಕತ್ತರಿಸಿ ಎಸೆದ. ಉಳಿದದ್ದು ಒಂದೇ ತೊಡಕು. ಮೂರನೆಯ ಫಟ್ ಆದಮೇಲೆ ಕ್ಯಾಸೆಟ್ಟಿನಲ್ಲಿ ಬರೀ ಜನರ ಗದ್ದಲ. ಆರುತ್ತ ಹೋಗುವ ದನಿಯ ಬಾಲ ಹೇಗೆ ಮುಗಿಯುತ್ತಿತ್ತೋ, ನೆನಪಿನಿಂದಲೇ ಮಾಡಬೇಕಿತ್ತು.

ಬೆಳಗೆದ್ದರೆ ಅದೇ ಫಟ್. ಅವನ ತಾಯಿ ಶಾಂತಮ್ಮ ಕಿವಿ ಮುಚ್ಚಿಕೊಂಡು ಅಳುತ್ತಿದ್ದರು. “ಸಾಕ ಮಾಡೋ ಯಪ್ಪಾ. ನನ್ನ ಮಗನ್ನ ಯಾರೋ ದಿನಾ ಮನ್ಯಾಗ ಬಂದು ಬಡದಂಗ ಆಕ್ಕೈತಿ.”

“ನನಗೂ ಆಕ್ಕೈತಿ ಅವ್ವಾ,” ಎನ್ನುತ್ತಿದ್ದ. ಮತ್ತೆ ಹಚ್ಚುತ್ತಿದ್ದ.

ಮರುವರ್ಷ ಕಂಪ್ಯೂಟರನ್ನು ಗಾದಿಯಲ್ಲಿ ಸುತ್ತಿ ಖಾನಾಪುರಕ್ಕೆ ಒಯ್ದೆವು. ಈ ಸಲ ಕಣದ ಎರಡೂ ಬದಿಗೆ ಮೈಕು. ಮೊದಲ ಪೈಲ್ವಾನ ತೊಡೆ ತಟ್ಟಿದ: ಧಡ್, ಧಡ್, ಧಡ್. ಭರಮಣ್ಣ ಓಡಿ ಬಂದು ಟೇಬಲ್ಲಿನ ಬಟ್ಟೆ ಹರಿದು ಕೆಳಗೆ ಹುಡುಕಿದ.

“ಎಲ್ಲೈತಿ ಆ ಡಬ್ಬಿ? ನಾನ ಒಡದಿದ್ನೆಲಾ! ಇನ್ನೊಂದ ತಂದೀರೇನಲೇ ಮಕ್ಕಳಾ?”

ಕಮಿಟಿಯವರ ಮುಖ ಅರಳಿತು. ಒಡೆದವನೇ ಗುರುತು ಹಿಡಿದ ಮೇಲೆ ಇನ್ನೇನು ಬೇಕು?

“ಡಬ್ಬಿ ಇಲ್ರಿ ವಸ್ತಾದ್ರ,” ಎಂದ ವೃಷಭ. “ನಿಮ್ಮ ಏಟಿಂದನ ಮಾಡೀನ್ರಿ.”

ಗೇಲಿ ಮಾಡಿದನೆಂದು ಭರಮಣ್ಣ ಮತ್ತೆ ಕೈ ಎತ್ತಿದ. ನಾನು ಗಳ ಹಿಡಿಯುವಷ್ಟರಲ್ಲಿ ವೃಷಭನ ಅಂಗೈ ಅವನ ಕಪಾಳಕ್ಕೆ ಅಪ್ಪಳಿಸಿತ್ತು, ಮೈಕಿನ ಎದುರಿಗೇ. ಆರಡಿ ವಸ್ತಾದ ಮಣ್ಣಿಗೆ ಕುಂಡಿ ಊರಿದ. ಫಟ್. ಫಟ್. ಫಟ್. ಇಡೀ ಕಣ ದಂಗಾಗಿತ್ತು. ಈ ಸಲ ಯಾರೂ ಕೂಗಲಿಲ್ಲ. ವೃಷಭ ಬಲಗಿವಿಯನ್ನು ಸ್ಪೀಕರಿನತ್ತ ತಿರುಗಿಸಿ, ದನಿ ಪೂರ್ತಿ ಆರುವ ತನಕ ಕೇಳಿದ.

“ಬಾಲ ಸ್ವಲ್ಪ ಉದ್ದ ಆಗೇತಿ ಕಾಕಾ,” ಎಂದು ಕೀಬೋರ್ಡಿನ ಮೇಲೆ ಬಗ್ಗಿದ.

ಭರಮಣ್ಣನ ಕಡೆಯವರು ಓಡಿ ಬರುತ್ತಿದ್ದರು. ವೃಷಭ ಆ ಬಾಲವನ್ನು ಸರಿಮಾಡುವ ತನಕ ನಾನು ಗಳ ಹಿಡಿದು ಅಡ್ಡ ನಿಂತೆ.